ಮನೆಯ ಮೊದಲ ಪದವೀಧರರಿಗೆ: ಜವಳಿ ಅಂಗಡಿಯ ಕವರಿನಿಂದ ಪದವಿ ಪ್ರಮಾಣಪತ್ರದವರೆಗೆ

ಜವಳಿ ಅಂಗಡಿಯ ಹೆಸರಿರುವ ಪ್ಲಾಸ್ಟಿಕ್ ಕವರನ್ನು ಎದೆಗೆ ಅವುಚಿಕೊಂಡು ಬರುವ ಹುಡುಗ ಹುಡುಗಿಯರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವುದರ ಜೊತೆಗೆ ವಿದ್ಯಾರ್ಥಿವೇತನದ ಮೇಜಿನ ಹಿಂದೆ ಕೂರುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಆ ಕವರಿನಲ್ಲಿ ಮನೆಯವರೆಲ್ಲರ ಆಧಾರ್, ಪಡಿತರ ಚೀಟಿ, ಮೂಲೆ ಹರಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಜ್ಜನ ಹೆಸರಿನ ಪಹಣಿ, ಯಾವುದಕ್ಕೂ ಇರಲಿ ಎಂದು ಸೊಸೈಟಿಯ ರಸೀದಿ ಎಲ್ಲವೂ ಇರುತ್ತವೆ. ಒಂದು ಅಕ್ಷರ ಮಾತ್ರ ಸರಿ ಇರುವುದಿಲ್ಲ.

ಒಬ್ಬಳು ಹುಡುಗಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿತ್ತು. ಆಧಾರ್‌ನಲ್ಲಿ ಇನಿಷಿಯಲ್ ಮಾಯವಾಗಿ ತಂದೆಯ ಪೂರ್ತಿ ಹೆಸರು ಬಾಲದಂತೆ ಹಿಂದೆ ಸೇರಿಕೊಂಡಿತ್ತು. ಮೂರು ಸಲ ಕಂಪ್ಯೂಟರ್ ಅಂಗಡಿಗೆ ಹೋಗಿ, ಮೂರು ಸಲವೂ ಹಣ ಕೊಟ್ಟು, ‘ಹೆಸರು ಹೊಂದಾಣಿಕೆ ಆಗುತ್ತಿಲ್ಲ’ ಎಂಬ ಉತ್ತರ ಹೊತ್ತು ಬಂದಿದ್ದಳು. ಜೊತೆಗೆ ಬಂದಿದ್ದ ಅಪ್ಪ, ಕಬ್ಬು ಕಡಿಯುವ ಕೆಲಸ ಬಿಟ್ಟು ಬಂದವರು, ತಾಳ್ಮೆಯಿಂದಲೇ ಕೇಳಿದರು: “ಸರ್, ಇವಳು ಇವಳೇ ಎಂದು ನಾನು ಹೇಳಿದರೆ ಸಾಲದೇ?” ಸಾಲುವುದಿಲ್ಲ. ಆ ವರ್ಷದ ವಿದ್ಯಾರ್ಥಿವೇತನ ಅವಳ ಕೈ ತಪ್ಪಿತು.

ಕರ್ನಾಟಕದಲ್ಲಿ ಬಡ ವಿದ್ಯಾರ್ಥಿಗೆ ಸೌಲಭ್ಯಗಳು ಕಡಿಮೆ ಎಂದು ನಾನು ಹೇಳಲಾರೆ. ಆದರೆ ಅವು ಕೇಳಿದವರಿಗೆ ಮಾತ್ರ ಸಿಗುತ್ತವೆ, ಅದೂ ಸಮಯಕ್ಕೆ ಸರಿಯಾಗಿ ಕೇಳಿದವರಿಗೆ. ಅಪ್ಪನೋ ಅಕ್ಕನೋ ಕಾಲೇಜು ಓದಿರುವ ಮನೆಯಲ್ಲಿ ಯಾವ ಕಾಗದ ಯಾವ ತಿಂಗಳಲ್ಲಿ ಬೇಕು ಎಂಬುದು ಊಟದ ಹೊತ್ತಿನ ಮಾತಿನಲ್ಲೇ ತಿಳಿದುಹೋಗುತ್ತದೆ. ನಿಮ್ಮ ಮನೆಯಲ್ಲಿ ಹಾಗೆ ಹೇಳುವವರಿಲ್ಲದಿದ್ದರೆ ಈ ಬರಹವನ್ನು ಅವರ ಜಾಗದಲ್ಲಿ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಫಲಿತಾಂಶಕ್ಕೆ ಕಾಯದೆ ಕಾಗದ ಸರಿಮಾಡಿಕೊಳ್ಳಿ

ದ್ವಿತೀಯ ಪಿಯು ಪರೀಕ್ಷೆ ಮುಗಿದ ಮರುವಾರವೇ ಈ ಕೆಲಸ ಶುರುವಾಗಬೇಕು. ಜೂನ್ ಬಂದರೆ ನಾಡಕಚೇರಿಯಲ್ಲೂ ಆಧಾರ್ ಕೇಂದ್ರದಲ್ಲೂ ಸಾಲು ರಸ್ತೆಯವರೆಗೆ ಬಂದಿರುತ್ತದೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಉಳಿದೆಲ್ಲ ದಾಖಲೆಗಳನ್ನು ಅದರೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇನಿಷಿಯಲ್ ಎಲ್ಲಿದೆ, ತಂದೆಯ ಹೆಸರಿನ ಕೊನೆಗೆ ‘ಅಪ್ಪ’ ಇದೆಯೋ ಇಲ್ಲವೋ, ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎ’ ಹೆಚ್ಚಿದೆಯೇ, ಹುಟ್ಟಿದ ದಿನ ಒಂದೇ ಇದೆಯೇ ಎಂದು ನೋಡಿ. ವ್ಯತ್ಯಾಸ ಇದ್ದರೆ ಆಧಾರ್ ಅನ್ನು ತಿದ್ದಿಸಿ. ಅಂಕಪಟ್ಟಿ ತಿದ್ದಿಸುವುದು ಬಹಳ ಉದ್ದದ ದಾರಿ. ಆಧಾರ್‌ಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಈಗ ಯಾರ ಬಳಿ ಇದೆ ಎಂಬುದನ್ನೂ ನೋಡಿಕೊಳ್ಳಿ. ಒಟಿಪಿ ದುಬೈನಲ್ಲಿರುವ ಮಾವನ ಹಳೆಯ ಸಿಮ್‌ಗೆ ಹೋಗುತ್ತಿದ್ದರೆ ಯಾವ ಅರ್ಜಿಯೂ ಮುಂದೆ ಸಾಗುವುದಿಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಪಡೆಯಬಹುದು. ಅದರ ಮೇಲೆ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನದ ಪೋರ್ಟಲ್ ನಿಮ್ಮ ಜಾತಿ, ಆದಾಯದ ವಿವರಗಳನ್ನು ಈ ಸಂಖ್ಯೆಯಿಂದಲೇ ಎಳೆದುಕೊಳ್ಳುತ್ತದೆ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಅವಧಿ ಇದೆ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ಮೊದಲ ವರ್ಷದಲ್ಲಿ ಅವಧಿ ಮೀರುತ್ತದೆ, ನಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ಬಹಳಷ್ಟು ಇಲ್ಲಿಯೇ ಸಿಕ್ಕಿಬೀಳುತ್ತವೆ. ಇನ್ನೊಂದು ಎಚ್ಚರ: ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅಪ್ಪನ ಹೆಸರಿನದು ನಡೆಯುವುದಿಲ್ಲ.

ಕವರನ್ನು ಬಿಟ್ಟು ಒಂದು ದಾರದ ಫೈಲು ಕೊಳ್ಳಿ. ಪ್ರತಿಯೊಂದಕ್ಕೂ 5 ಜೆರಾಕ್ಸ್ ಇರಲಿ. ಮೂಲ ದಾಖಲೆಗಳ ಫೋಟೊ ಮೊಬೈಲಿನಲ್ಲಿರಲಿ.

ಎರಡನೆಯದು: ಹಣ ಯಾವ ಖಾತೆಗೆ ಬೀಳುತ್ತದೆ?

ಇದು ಸಣ್ಣ ಹೆಜ್ಜೆ, ಆದರೆ ಇಲ್ಲಿ ಎಡವುವವರೇ ಹೆಚ್ಚು. ನೇರ ನಗದು ವರ್ಗಾವಣೆಯಲ್ಲಿ (ಡಿಬಿಟಿ) ಹಣ ಹೋಗುವುದು ಆಧಾರ್ ಸಂಖ್ಯೆಗೆ, ನೀವು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ ಜೆರಾಕ್ಸಿಗಲ್ಲ. ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕ್ ಖಾತೆ ಮ್ಯಾಪ್ ಆಗಿದೆಯೋ ಅಲ್ಲಿಗೆ ಅದು ಇಳಿಯುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆರಳು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕ್ ಖಾತೆಯೊಂದನ್ನು ತೆರೆದಿದ್ದರೆ ಹಣ ಅಲ್ಲಿ ಕೂತಿರುತ್ತದೆ, ನೀವು ಬರಲೇ ಇಲ್ಲ ಎಂದು ವರ್ಷವಿಡೀ ಕಾಯುತ್ತಿರುತ್ತೀರಿ.

ಬ್ಯಾಂಕಿಗೆ ಹೋಗಿ ‘ಆಧಾರ್ ಲಿಂಕ್ ಆಗಿದೆಯೇ’ ಎಂದಷ್ಟೇ ಕೇಳಬೇಡಿ. ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದು ಕೇಳಿ. ಎರಡೂ ಬೇರೆ ಬೇರೆ: ಮೊದಲನೆಯದು ಬ್ಯಾಂಕಿನ ದಾಖಲೆಯಲ್ಲಿ ಆಧಾರ್ ಸೇರಿರುವುದು, ಎರಡನೆಯದು ಹಣವನ್ನು ಖಾತೆಗೆ ತಲುಪಿಸುವ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಆ ಬ್ಯಾಂಕ್ ಜೋಡಣೆಯಾಗಿರುವುದು. ಆಧಾರ್ ಜಾಲತಾಣದಲ್ಲಿ ಈ ಜೋಡಣೆಯ, ಅಂದರೆ ಬ್ಯಾಂಕ್ ಸೀಡಿಂಗ್‌ನ, ಸ್ಥಿತಿ ತೋರಿಸುವ ಪುಟವೂ ಇದೆ. ರಾಜ್ಯ ಸರ್ಕಾರದ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ದಿನ ಯಾವ ಖಾತೆಗೆ ಬಂತು ಎಂಬುದು ಕಾಣುತ್ತದೆ. ಸುಮ್ಮನೆ ಬಿದ್ದಿರುವ ಖಾತೆಯಾಗಿದ್ದರೆ 100 ರೂಪಾಯಿ ಹಾಕಿ ತೆಗೆದು ಜೀವಂತ ಮಾಡಿಡಿ.

ಮೂರನೆಯದು: ಸೀಟು ಆರಿಸುವಾಗಲೇ ಲೆಕ್ಕ ಹಾಕಿ

ವೃತ್ತಿಶಿಕ್ಷಣದ ಕಡೆ ಹೋಗುವವರಿಗೆ ಸಿಇಟಿಯಲ್ಲಿ ಕೆಲವು ಬಾಗಿಲುಗಳಿವೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸೌಲಭ್ಯ ಉಂಟು. ಇವೆಲ್ಲವನ್ನೂ ಸಿಇಟಿ ಅರ್ಜಿ ತುಂಬುವಾಗಲೇ ಕೇಳಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಒಂದು ತಾಲ್ಲೂಕಿನಲ್ಲಿ, ಪ್ರೌಢಶಾಲೆ ಇನ್ನೊಂದರಲ್ಲಿ ಓದಿದ್ದರೆ ಎರಡೂ ಕಡೆ ಓಡಾಡಬೇಕಾಗುತ್ತದೆ.

ಎಂಜಿನಿಯರಿಂಗ್ ಬಯಸುವವರು ‘ಎಸ್‌ಎನ್‌ಕ್ಯೂ’ ಎಂಬ ಮೂರು ಅಕ್ಷರಗಳನ್ನು ನೆನಪಿಡಿ. ಕಾಲೇಜಿನ ನಿಗದಿತ ಸೀಟುಗಳ ಮೇಲೆ ಶೇ 5 ಹೆಚ್ಚುವರಿ ಸೀಟುಗಳು ಇವು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರುವವರಿಗೆ ಬೋಧನಾ ಶುಲ್ಕ ಮನ್ನಾ ಆಗುತ್ತದೆ.

ಬಿಎ, ಬಿಕಾಂ, ಬಿಎಸ್ಸಿಗೆ ಸೇರುವವರಿಗೆ ಶುಲ್ಕಕ್ಕಿಂತ ದಿನದ ಖರ್ಚೇ ಭಾರ. ಪ್ರವೇಶ ಶುಲ್ಕವೊಂದನ್ನೇ ಕೇಳಿ ಮನೆಗೆ ಬರಬೇಡಿ. ಪರೀಕ್ಷಾ ಶುಲ್ಕ, ಲ್ಯಾಬ್ ರೆಕಾರ್ಡ್, ಸಮವಸ್ತ್ರ, ಬಸ್, ಮಧ್ಯಾಹ್ನದ ಊಟ ಇವನ್ನೆಲ್ಲ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರಿಂದ ಕೇಳಿ ಬರೆದುಕೊಳ್ಳಿ. ಕಚೇರಿಯವರು ಹೇಳುವ ಲೆಕ್ಕ ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ಸಾಮಾನ್ಯ ಸಾರಿಗೆಯಲ್ಲಿ ಇಲ್ಲವಾಗಿದೆ. 30 ಕಿಲೋಮೀಟರ್ ದೂರದ ಕಾಲೇಜನ್ನು ಮನೆಯವರು ಒಪ್ಪುವಂತಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗರಿಗೆ ರಿಯಾಯಿತಿ ಪಾಸ್ ಉಂಟು, ಅರ್ಜಿ ಸೇವಾಸಿಂಧುವಿನಲ್ಲಿ.

ಸೀಟು ಬಿಟ್ಟು ಬೇರೆಡೆ ಹೋಗಬೇಕಾದಾಗ ಕಾಲೇಜು ಮೂಲ ಅಂಕಪಟ್ಟಿ ಇಟ್ಟುಕೊಂಡು ಸತಾಯಿಸಿದರೆ ಹೆದರಬೇಡಿ. ಮೂಲ ದಾಖಲೆಗಳನ್ನು ಕಾಲೇಜುಗಳು ಹಿಡಿದಿಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಪರಿಶೀಲಿಸಿ ಅಲ್ಲೇ ಹಿಂತಿರುಗಿಸಬೇಕು.

ನಾಲ್ಕನೆಯದು: ಎಸ್‌ಎಸ್‌ಪಿ ಅರ್ಜಿ

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳಿಗೆ ಒಂದೇ ಬಾಗಿಲು. ಒಂದು ಅರ್ಜಿ ತುಂಬಿದರೆ ಅದು ನಿಮ್ಮ ಜಾತಿ, ಆದಾಯ, ಕೋರ್ಸು ನೋಡಿ ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ.

ಸಾಧ್ಯವಾದರೆ ನೀವೇ ತುಂಬಿ. ಕಂಪ್ಯೂಟರ್ ಅಂಗಡಿಯವನು ಒಳ್ಳೆಯವನೇ ಇರಬಹುದು, ಆದರೆ ದಿನಕ್ಕೆ ನೂರು ಅರ್ಜಿ ಹೊಡೆಯುವವನಿಗೆ ನೀವು ಹಾಸ್ಟೆಲಿನಲ್ಲಿದ್ದೀರೋ ಮನೆಯಿಂದ ಓಡಾಡುತ್ತೀರೋ ಎಂಬುದು ಮುಖ್ಯವಲ್ಲ. ಆ ಒಂದು ಟಿಕ್‌ನಿಂದ ನಿಮಗೆ ಬರುವ ಮೊತ್ತವೇ ಬದಲಾಗುತ್ತದೆ. ಪಾಸ್‌ವರ್ಡನ್ನು ನಿಮ್ಮ ಫೈಲಿನ ಒಳಬದಿಗೆ ಬರೆದಿಡಿ, ಮುಂದಿನ ವರ್ಷವೂ ಅದೇ ಬೇಕು.

ಮೊದಲು ಖಾತೆ ತೆರೆದು ಆಧಾರ್ ದೃಢೀಕರಣ ಮಾಡಿಕೊಳ್ಳಿ. ಅರ್ಜಿಗೆ ಜೊತೆಯಾಗುವ ದಾಖಲೆಗಳಿಗೆ ಇ-ದೃಢೀಕರಣ, ಅಂದರೆ ಮೂಲ ದಾಖಲೆ ನೋಡಿ ಆನ್‌ಲೈನ್‌ನಲ್ಲಿ ದೃಢಪಡಿಸುವುದು, ಬೇಕಾಗುತ್ತದೆ. ಇದಕ್ಕೆಂದೇ ಕಾಲೇಜುಗಳಲ್ಲಿ ಅಧಿಕಾರಿಯೊಬ್ಬರು ಇರುತ್ತಾರೆ. ಅವರು ಯಾರು, ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಸೇರಿದ ವಾರವೇ ತಿಳಿದುಕೊಳ್ಳಿ. ಕಾಲೇಜು ನೋಂದಣಿ ಸಂಖ್ಯೆ, ಶುಲ್ಕದ ರಸೀದಿ ಕೈಯಲ್ಲಿರಲಿ. ಸಲ್ಲಿಸಿದ ಮೇಲೆ ಬರುವ ಸ್ವೀಕೃತಿಯನ್ನು ಮುದ್ರಿಸಿ ಕಾಲೇಜಿಗೆ ಒಂದು ಪ್ರತಿ ಕೊಡಿ. ‘ಸಲ್ಲಿಕೆಯಾಗಿದೆ’ ಎಂದರೆ ‘ಮಂಜೂರಾಗಿದೆ’ ಎಂದಲ್ಲ. 15 ದಿನಕ್ಕೊಮ್ಮೆ ಸ್ಥಿತಿ ನೋಡುತ್ತಿರಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಪಾಲು ನೇರ ನಿಮ್ಮ ಖಾತೆಗೆ ಬರುತ್ತದೆ, ಅದರೊಳಗೆ ಕಾಲೇಜಿಗೆ ಸೇರಬೇಕಾದ ಶುಲ್ಕವೂ ಇರುತ್ತದೆ. ಖಾತೆಯಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಕಂಡಾಗ ಮನೆಯಲ್ಲಿ ಹತ್ತು ಅಗತ್ಯಗಳು ಎದ್ದು ನಿಲ್ಲುತ್ತವೆ. ಆ ಹಣ ಕೊಟ್ಟಿಗೆಯ ಸೂರಿಗೋ ಅಕ್ಕನ ಸೀಮಂತಕ್ಕೋ ಖರ್ಚಾಗಿ, ಕೊನೆಯ ವರ್ಷ ಬಾಕಿ ಶುಲ್ಕದ ನೋಟಿಸು ಬಂದ ಮೇಲೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಬಂದ ದಿನವೇ ಶುಲ್ಕದ ಭಾಗವನ್ನು ಬೇರೆ ಮಾಡಿ ಕಟ್ಟಿಬಿಡಿ.

ಇಲಾಖೆಯ ವೇತನ ಒಂದೇ ಅಲ್ಲ. ಅಪ್ಪ ಅಥವಾ ಅಮ್ಮ ಗಾರೆ, ಕಬ್ಬಿಣ, ಬಣ್ಣದ ಕೆಲಸದಲ್ಲಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯೇ ನೋಡಿ, ಅದರಿಂದ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾಯಿತು. ಪದವಿಯ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಇದಕ್ಕೆ ಜಮೀನು ಸರ್ಕಾರದ ರೈತರ ನೋಂದಣಿ ಪೋರ್ಟಲ್ ‘ಫ್ರೂಟ್ಸ್’ನಲ್ಲಿ ನೋಂದಣಿಯಾಗಿರಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುವ ಮನೆಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅನ್ನೂ ತೆರೆಯಿರಿ. ಪರೀಕ್ಷಾ ಮಂಡಳಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರುವ (ಅಂದರೆ ಅಂಕಗಳಲ್ಲಿ ಮೊದಲ ಶೇ 20ರೊಳಗಿನ), ಕುಟುಂಬದ ಆದಾಯ 4.5 ಲಕ್ಷದೊಳಗಿರುವವರಿಗೆ ಕೇಂದ್ರ ವಲಯದ ವಿದ್ಯಾರ್ಥಿವೇತನ ಇದೆ. ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವೇತನಗಳು, ಅರ್ಧ ಹುಡುಗಿಯರಿಗೆ. ಆದರೆ ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೂಡಿ ಕಳೆದು ನೋಡಿ, ಆಮೇಲೆ ಅರ್ಜಿ ಹಾಕಿ.

ಐದನೆಯದು: ತಲೆಯ ಮೇಲೊಂದು ಸೂರು

ಹಿಂದೆ ಊರು ಬಿಟ್ಟು ಓದಲು ಹೋದವರು ವಾರಾನ್ನ ಉಂಡು ಓದುತ್ತಿದ್ದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠಗಳು, ಧಾರವಾಡ, ಮೈಸೂರು, ಬೆಂಗಳೂರಿನ ಸಮುದಾಯದ ವಿದ್ಯಾರ್ಥಿನಿಲಯಗಳು, ಆಮೇಲೆ ಸರ್ಕಾರಿ ಹಾಸ್ಟೆಲುಗಳು ಬಂದ ಮೇಲೆ ಚಿತ್ರ ಬದಲಾಯಿತು. ನನ್ನ ತಲೆಮಾರಿನ ಎಷ್ಟೋ ಮೇಷ್ಟ್ರುಗಳು, ತಹಶೀಲ್ದಾರರು ಹಾಸ್ಟೆಲಿನ ತಟ್ಟೆಯಲ್ಲಿ ಉಂಡವರೇ.

ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲ್‌ಗಳಿಗೆ ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಇದು ಎಸ್‌ಎಸ್‌ಪಿಗಿಂತ ಬೇರೆ, ಒಂದಕ್ಕೆ ಹಾಕಿದರೆ ಇನ್ನೊಂದಕ್ಕೂ ಆಯಿತು ಎಂದುಕೊಳ್ಳಬೇಡಿ. ಆಯ್ಕೆ ಅಂಕ ಮತ್ತು ಮೀಸಲಾತಿಯ ಮೇಲೆ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಲ್ಲಿಗೇ ಕೈಬಿಡಬೇಡಿ. ಸೀಟು ಸಿಕ್ಕವರು ಬೇರೆ ಊರಿಗೆ ಹೋಗುತ್ತಾರೆ, ಜಾಗ ತೆರವಾಗುತ್ತದೆ. ವಾರ್ಡನ್ ಅನ್ನು ಕಂಡು ಹೆಸರು ಹೇಳಿ, ತಾಲ್ಲೂಕು ಕಲ್ಯಾಣಾಧಿಕಾರಿಯ ಕಚೇರಿಗೆ ಒಂದು ಲಿಖಿತ ಮನವಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಮನವಿ ಯಾವ ಕಡತಕ್ಕೂ ಸೇರುವುದಿಲ್ಲ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಊಟ, ವಸತಿಯ ನೆರವಾಗಿ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ಎಂದು ಆರಂಭವಾದ ಯೋಜನೆ. ಮೊತ್ತ ಬಜೆಟ್ಟಿನೊಂದಿಗೆ ಬದಲಾಗಬಹುದು, ಆ ವರ್ಷದ ಆದೇಶವನ್ನೇ ನೋಡಿ. ನಾಲ್ವರು ಸೇರಿ ಒಂದು ಕೋಣೆ ಹಿಡಿದು ಅಡುಗೆ ಮಾಡಿಕೊಂಡರೆ ಸಣ್ಣ ಊರುಗಳಲ್ಲಿ ಈ ಹಣದಲ್ಲಿ ಹೇಗೋ ನಿಭಾಯಿಸಬಹುದು. ಬೆಂಗಳೂರಿನಲ್ಲಿ ಆಗುವುದಿಲ್ಲ, ಸುಳ್ಳು ಭರವಸೆ ಬೇಡ.

ಆರನೆಯದು: ಜೂನ್‌ನಿಂದ ಮಾರ್ಚ್‌ವರೆಗಿನ ಹೊಳೆ

ಶುಲ್ಕ ಕಟ್ಟಬೇಕಾದದ್ದು ಜೂನ್, ಜುಲೈನಲ್ಲಿ. ವಿದ್ಯಾರ್ಥಿವೇತನ ಬರುವುದು ಶೈಕ್ಷಣಿಕ ವರ್ಷದ ಕೊನೆಗೆ, ಕೆಲವೊಮ್ಮೆ ಮುಂದಿನ ವರ್ಷಕ್ಕೆ. ಈ ನಡುವಿನ ಹೊಳೆಯನ್ನು ದಾಟಲಾಗದೆ ಓದು ಬಿಟ್ಟವರೇ ಹೆಚ್ಚು. ಆ ಹೊತ್ತಿಗೆ ಮನೆಗಳು ಅಮ್ಮನ ಓಲೆಯನ್ನು ಗಿರವಿ ಇಡುತ್ತವೆ ಅಥವಾ ವಾರದ ಕಂತಿನ ಸಂಘದ ಸಾಲಕ್ಕೆ ಕೈ ಹಾಕುತ್ತವೆ. ಅದಕ್ಕೂ ಮೊದಲು ಮಾಡಬಹುದಾದ ಕೆಲಸಗಳಿವೆ.

ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ. ಮನೆಯ ಪರಿಸ್ಥಿತಿ ಎರಡೇ ಸಾಲಿನಲ್ಲಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿರುವ ಸ್ವೀಕೃತಿ ಸಂಖ್ಯೆ, ಈಗ ಎಷ್ಟು ಕಟ್ಟಬಲ್ಲಿರಿ, ಉಳಿದದ್ದನ್ನು ಯಾವ ತಿಂಗಳಿಗೆ ಕಟ್ಟುತ್ತೀರಿ, ಇಷ್ಟಿದ್ದರೆ ಸಾಕು. ‘ತಾವು ದಯಾಮಯರು’ ಎಂಬ ಸಾಲುಗಳು ಬೇಡ. ದಿನಾಂಕ, ಮೊತ್ತ ಇರುವ ಪತ್ರಕ್ಕೆ ಒಪ್ಪಿಗೆ ಬರೆಯುವುದು ಕಚೇರಿಗೂ ಸುಲಭ.

ಖಾಸಗಿ ನೆರವು ಎರಡನೆಯ ದಾರಿ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಉಡುಪಿಯ ಯಕ್ಷಗಾನ ಕಲಾರಂಗ ವಿದ್ಯಾಪೋಷಕ್ ಹೆಸರಿನಲ್ಲಿ ಪಿಯುಸಿ ಹಂತದಿಂದಲೇ ಬಡ ಮಕ್ಕಳ ಕೈಹಿಡಿಯುತ್ತದೆ, ಅವರಿಗೆ ಮನೆಗಳನ್ನೂ ಕಟ್ಟಿಸಿಕೊಟ್ಟಿದೆ. ಯಕ್ಷಗಾನಕ್ಕಾಗಿ ಹುಟ್ಟಿದ ಸಂಘವೊಂದು ಮಕ್ಕಳ ತಲೆಯ ಮೇಲಿನ ಸೂರಿನ ಬಗ್ಗೆ ಯೋಚಿಸಿದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಧಾರವಾಡದ ವಿದ್ಯಾಪೋಷಕ ಹಣದ ಜೊತೆಗೆ ಇಂಗ್ಲಿಷ್, ಕಂಪ್ಯೂಟರ್ ತರಬೇತಿಯನ್ನೂ ಕೊಡುವ ಸಂಸ್ಥೆ. ನಿಮ್ಮ ಜಿಲ್ಲೆಯಲ್ಲೂ ಇಂಥವು ಇರುತ್ತವೆ. ಸಹಕಾರಿ ಬ್ಯಾಂಕು, ಹಾಲಿನ ಸೊಸೈಟಿ, ರೋಟರಿ, ಜಾತಿ ಸಂಘಗಳ ಪ್ರಕಟಣೆಗಳು ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಬರುತ್ತವೆ. ಯಾವ ನಿಜವಾದ ವಿದ್ಯಾರ್ಥಿವೇತನವೂ ಮೊದಲು ‘ನೋಂದಣಿ ಶುಲ್ಕ’ ಕೇಳುವುದಿಲ್ಲ. ಕೇಳಿದರೆ ಫೋನ್ ಇಟ್ಟುಬಿಡಿ.

ಸಾಲ ಕೊನೆಯದು. ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಆಯಾ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಶೇ 2ರ ದರದಲ್ಲಿ ಸಿಗುತ್ತದೆ. ಬ್ಯಾಂಕಿನ ಶೈಕ್ಷಣಿಕ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ. ಮ್ಯಾನೇಜರ್ ‘ಜಮೀನು ಪತ್ರ ತನ್ನಿ’ ಎಂದರೆ ನಿರಾಕರಣೆಯನ್ನು ಬರಹದಲ್ಲಿ ಕೊಡುವಂತೆ ವಿನಯದಿಂದ ಕೇಳಿ, ಮಾತು ಬದಲಾಗುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಮೊದಲು ನೋಡಿ.

ಏಳನೆಯದು: ತರಗತಿಯ ಒಳಗೆ

ಕಾಗದ, ಹಣ ಎರಡೂ ಸರಿಯಾದ ಮೇಲೂ ಮೊದಲ ಸೆಮಿಸ್ಟರಿನಲ್ಲಿ ಮೌನವಾಗಿ ಕಳೆದುಹೋಗುವವರಿದ್ದಾರೆ. ಹತ್ತು ವರ್ಷ ಕನ್ನಡದಲ್ಲಿ ಓದಿ ಬಂದ ಹುಡುಗ ಬಿಎಸ್ಸಿಯ ಮೊದಲ ತರಗತಿಯಲ್ಲಿ ಕೂತಾಗ, ದ್ಯುತಿಸಂಶ್ಲೇಷಣೆ ಗೊತ್ತಿದ್ದರೂ ಅದರ ಇಂಗ್ಲಿಷ್ ಹೆಸರು ಕೇಳಿ ಹೊಸ ವಿಷಯವೆಂದು ಹೆದರುತ್ತಾನೆ. ಗೊತ್ತಿಲ್ಲದ್ದು ಪದ, ವಿಷಯವಲ್ಲ. ನಾನು ಹೇಳಿಕೊಡುವ ಉಪಾಯ ಹಳೆಯದು: ನೋಟ್‌ಬುಕ್ಕಿನ ಹಿಂದಿನ ಹಾಳೆಯನ್ನು ಉದ್ದಕ್ಕೆ ಮಡಿಸಿ ಎಡಕ್ಕೆ ತರಗತಿಯಲ್ಲಿ ಕೇಳಿದ ಪದ, ಬಲಕ್ಕೆ ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ. ದಿನಕ್ಕೆ ಐದು. ದೀಪಾವಳಿಯ ಹೊತ್ತಿಗೆ ಭಯ ಅರ್ಧ ಇಳಿದಿರುತ್ತದೆ.

ಕಾಲೇಜುಗಳಲ್ಲಿ ಮೆಂಟರ್ ವ್ಯವಸ್ಥೆ ಇದೆ, ಪ್ರತಿ ಅಧ್ಯಾಪಕರಿಗೆ ಇಷ್ಟು ವಿದ್ಯಾರ್ಥಿಗಳೆಂದು ಹಂಚಿರುತ್ತಾರೆ. ಎಷ್ಟೋ ಕಡೆ ಅದು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ವಾರ ತುಂಬುವ ರಿಜಿಸ್ಟರು ಮಾತ್ರ, ನಮ್ಮವರ ತಪ್ಪನ್ನು ಮುಚ್ಚಿಡುವುದಿಲ್ಲ. ಆದರೂ ನಿಮ್ಮ ಮೆಂಟರ್ ಯಾರೆಂದು ಕೇಳಿ ತಿಳಿದುಕೊಳ್ಳಿ. ಅವರು ಸ್ಪಂದಿಸದಿದ್ದರೆ ಸ್ಪಂದಿಸುವ ಒಬ್ಬ ಅಧ್ಯಾಪಕರನ್ನು ಹುಡುಕಿಕೊಳ್ಳಿ, ಗ್ರಂಥಪಾಲಕರಾದರೂ ಸರಿ. ಪರಿಶಿಷ್ಟ ವಿದ್ಯಾರ್ಥಿಗಳು ಪುಸ್ತಕ ಕೊಳ್ಳುವ ಮೊದಲು ಗ್ರಂಥಾಲಯದಲ್ಲಿ ಬುಕ್ ಬ್ಯಾಂಕ್ ಇದೆಯೇ ಕೇಳಿ. ಇದ್ದಲ್ಲಿ ವರ್ಷಪೂರ್ತಿ ಪುಸ್ತಕ ಇಟ್ಟುಕೊಳ್ಳಬಹುದು.

ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೂ ಕುತ್ತು, ವಿದ್ಯಾರ್ಥಿವೇತನಕ್ಕೂ ಕುತ್ತು. ಸುಗ್ಗಿಯಲ್ಲಿ, ಮದುವೆಯ ಕಾಲದ ಕ್ಯಾಟರಿಂಗ್ ಕೆಲಸದಲ್ಲಿ ವಾರಗಟ್ಟಲೆ ತಪ್ಪಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಹೋಗಲೇಬೇಕಾದರೆ ಹೋಗುವ ಮುನ್ನ ಹೇಳಿ ಹೋಗಿ. ಮರಳಿ ಬಂದು ಹೇಳುವುದಕ್ಕೂ ಮುಂಚೆ ಹೇಳುವುದಕ್ಕೂ ಅಧ್ಯಾಪಕರ ಕಣ್ಣಿನಲ್ಲಿ ಅಜಗಜಾಂತರವಿದೆ.

ಜಾತಿಯ ಹೆಸರಿನಲ್ಲಿ ಅವಮಾನವಾದರೆ ಕಾಲೇಜಿನ ಎಸ್‌ಸಿ, ಎಸ್‌ಟಿ ಘಟಕಕ್ಕೆ ಬರಹದಲ್ಲಿ ದೂರು ಕೊಡಿ. ರ‍್ಯಾಗಿಂಗ್‌ಗೆ ರಾಷ್ಟ್ರೀಯ ಸಹಾಯವಾಣಿ 1800-180-5522. ಮನಸ್ಸು ಕುಗ್ಗಿ ಯಾರಿಗೂ ಹೇಳಲಾಗದಂತಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಇಲಾಖೆಯ ಕಚೇರಿಗಳಲ್ಲಿ ಅರ್ಜಿ ಕಾರಣವಿಲ್ಲದೆ ನಿಂತರೆ ಸರ್ಕಾರದ ಜನಸ್ಪಂದನ 1902.

ಮನೆಯವರನ್ನು ಒಮ್ಮೆ ಕಾಲೇಜಿಗೆ ಕರೆತನ್ನಿ. ಗ್ರಂಥಾಲಯ, ನೀವು ಕೂರುವ ಬೆಂಚು ತೋರಿಸಿ, ಒಬ್ಬ ಅಧ್ಯಾಪಕರನ್ನು ಪರಿಚಯಿಸಿ. ‘ಇನ್ನೆಷ್ಟು ವರ್ಷ?’ ಎಂದು ಕೇಳುವ ಅಮ್ಮನಿಗೆ ಕಾಲೇಜು ಎಂದರೆ ಹಣ ಹೋಗುವ ಒಂದು ದಿಕ್ಕು ಮಾತ್ರ ಆಗಿರುತ್ತದೆ, ಜಾಗವನ್ನು ನೋಡಿದ ಮೇಲೆ ಪ್ರಶ್ನೆ ಬದಲಾಗುವುದನ್ನು ಗಮನಿಸಿದ್ದೇನೆ.

ಕೊನೆಯದು: ಪ್ರತಿ ವರ್ಷ, ಮತ್ತೆ

ನವೀಕರಣ ತಾನಾಗಿ ಆಗುವುದಿಲ್ಲ. ಎರಡನೇ, ಮೂರನೇ ವರ್ಷವೂ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಅಂತಿಮ ವರ್ಷದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ಉಚಿತ ತರಬೇತಿಯ ಪ್ರಕಟಣೆಗಳ ಮೇಲೆ ಕಣ್ಣಿಡಿ. ಪದವಿ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ.

ಮೊದಲ ವರ್ಷ ವಿದ್ಯಾರ್ಥಿವೇತನ ತಪ್ಪಿಸಿಕೊಂಡ ಆ ಹುಡುಗಿ ಆಧಾರ್ ತಿದ್ದಿಸಿಕೊಂಡು ಮುಂದಿನ ಎರಡು ವರ್ಷ ಹಣ ಪಡೆದಳು. ವಿಶ್ವವಿದ್ಯಾಲಯದಿಂದ ಪದವಿ ಪ್ರಮಾಣಪತ್ರಕ್ಕೆ ಹೆಸರು ಖಚಿತಪಡಿಸುವ ನಮೂನೆ ಬಂದ ದಿನ ಎಲ್ಲರೂ ಸಹಿ ಹಾಕಿ ಹೊರಟರು. ಅವಳು ಮಾತ್ರ ದಾರದ ಫೈಲು ಬಿಚ್ಚಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರದ ಕೆಳಗೆ ಪೆನ್ನಿನ ತುದಿ ಇಟ್ಟು ನೋಡುತ್ತ ಕೂತಿದ್ದಳು.